ಅಳಿವಿನಂಚಿನ ವೃಕ್ಷ ಪ್ರಭೇದಗಳು ಮತ್ತು ಮರ ತೆರವಿನ ಅರ್ಜಿ: ಪುಟ್ಟೇನಹಳ್ಳಿ–ಯಲಹಂಕ ಭಾಗದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ನಿವೇಶನದಲ್ಲಿ ಮನೆ ಕಟ್ಟುವಾಗ, ಕಾಂಪೌಂಡ್ ಗೋಡೆ ಬಿರುಕು ಬಿಟ್ಟಾಗ, ವಿದ್ಯುತ್ ತಂತಿಗೆ ಕೊಂಬೆ ತಾಗಿದಾಗ ಸಾರ್ವಜನಿಕರು ಮರ ತೆರವಿಗೆ ಅನುಮತಿ ಕೋರಿ ಅರ್ಜಿ ಸಲ್ಲಿಸುವುದು ರೂಢಿಯಲ್ಲಿದೆ. ಇಂತಹ ಸಂದರ್ಭಗಳಲ್ಲಿ ಅರ್ಜಿದಾರರು ಮತ್ತು ಆಕ್ಷೇಪಣೆದಾರರು ಎರಡು ಪ್ರಶ್ನೆಗಳನ್ನು ಪದೇ ಪದೇ ಕೇಳುತ್ತಾರೆ. ಮೊದಲನೆಯದು, "ಈ ಮರ ಅಪರೂಪದ್ದೇ, ಅಳಿವಿನಂಚಿನ ಪಟ್ಟಿಯಲ್ಲಿದೆಯೇ?" ಎಂಬುದು. ಎರಡನೆಯದು, "ಪಟ್ಟಿಯಲ್ಲಿ ಇಲ್ಲದಿದ್ದರೆ ಕಡಿಯಬಹುದಲ್ಲವೇ?" ಎಂಬುದು. ಈ ಎರಡೂ ಪ್ರಶ್ನೆಗಳಿಗೆ ಸರಳವಾಗಿ ಉತ್ತರ ನೀಡುವುದು, ಹಾಗೂ ಅರ್ಜಿಯನ್ನು ದೋಷವಿಲ್ಲದೆ ಸಲ್ಲಿಸಲು ನೆರವಾಗುವುದು ಈ ಮಾಹಿತಿಯ ಉದ್ದೇಶವಾಗಿರುತ್ತದೆ.

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎಂಬ ಹೆಸರಿನ ಎರಡು ಸ್ಥಳಗಳಿದ್ದು, ಎರಡರಲ್ಲೂ ಕೆರೆ ಇದೆ. ಒಂದು ಜೆ.ಪಿ. ನಗರದ ಕಡೆಯದು, ಇನ್ನೊಂದು ಯಲಹಂಕದ್ದು. ಈ ಮಾಹಿತಿಯು ಯಲಹಂಕದ ಪುಟ್ಟೇನಹಳ್ಳಿಗೆ ಸಂಬಂಧಿಸಿದೆ. ಅರ್ಜಿಯಲ್ಲಿ ಕೇವಲ "ಪುಟ್ಟೇನಹಳ್ಳಿ" ಎಂದು ನಮೂದಿಸಿದರೆ ಕಡತವು ಬೇರೆ ಕಚೇರಿಗೆ ಹೋಗುವ ಸಂಭವವಿರುವುದರಿಂದ "ಪುಟ್ಟೇನಹಳ್ಳಿ, ಯಲಹಂಕ" ಎಂದೇ ಬರೆಯತಕ್ಕದ್ದು.

2. 'ಸಂರಕ್ಷಣಾ ಸ್ಥಿತಿ' ಎಂದರೇನು?

ಜಗತ್ತಿನ ಸಸ್ಯ ಮತ್ತು ಪ್ರಾಣಿ ಪ್ರಭೇದಗಳು ಎಷ್ಟು ಸುರಕ್ಷಿತವಾಗಿವೆ ಎಂಬುದನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಮೌಲ್ಯಮಾಪನ ಮಾಡುತ್ತದೆ. 1948ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು 1964ರಿಂದ ನಿರ್ವಹಿಸುತ್ತಿರುವ ದಾಖಲೆಗೆ 'ಕೆಂಪು ಪಟ್ಟಿ' ಎಂದು ಹೆಸರು. ಈ ಪಟ್ಟಿಯಲ್ಲಿ ಒಟ್ಟು ಒಂಬತ್ತು ವರ್ಗಗಳಿವೆ:

(ಅ) ನಿರ್ನಾಮಗೊಂಡಿರುವುದು
(ಆ) ಕಾಡಿನಲ್ಲಿ ನಿರ್ನಾಮಗೊಂಡು, ಸಾಕಣೆಯಲ್ಲಿ ಮಾತ್ರ ಉಳಿದಿರುವುದು
(ಇ) ತೀವ್ರವಾಗಿ ಅಳಿವಿನಂಚಿನಲ್ಲಿರುವುದು
(ಈ) ಅಳಿವಿನಂಚಿನಲ್ಲಿರುವುದು
(ಉ) ಅಪಾಯಕ್ಕೆ ಈಡಾಗಬಲ್ಲದ್ದು
(ಊ) ಅಪಾಯದ ಸಮೀಪದಲ್ಲಿರುವುದು
(ಋ) ಸದ್ಯಕ್ಕೆ ಕಳವಳವಿಲ್ಲದ್ದು
(ಎ) ಮಾಹಿತಿ ಸಾಲದ್ದು
(ಏ) ಮೌಲ್ಯಮಾಪನವಾಗದೇ ಇರುವುದು

ಇವುಗಳ ಪೈಕಿ (ಇ), (ಈ) ಮತ್ತು (ಉ) ವರ್ಗಗಳನ್ನು ಒಟ್ಟಾಗಿ 'ಅಪಾಯಕ್ಕೊಳಗಾದ ಪ್ರಭೇದಗಳು' ಎಂದು ಪರಿಗಣಿಸಲಾಗುತ್ತದೆ.

ಮರವೊಂದನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದು ಅಂದಾಜಿನ ಮಾತಲ್ಲ, ಅದಕ್ಕೆ ನಿಗದಿತ ಮಾನದಂಡಗಳಿವೆ. ಉದಾಹರಣೆಗೆ, ಕಡಿತವೇ ಮೊದಲಾದ ಮುಂದುವರಿಯುತ್ತಿರುವ ಕಾರಣಗಳಿಂದ ಒಂದು ಪ್ರಭೇದದ ಸಂಖ್ಯೆಯು ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ದೀರ್ಘವಾದ ಅವಧಿಯಲ್ಲಿ ಶೇಕಡಾ 30ರಷ್ಟು ಕುಸಿದಿದ್ದರೆ 'ಅಪಾಯಕ್ಕೆ ಈಡಾಗಬಲ್ಲದ್ದು', ಶೇಕಡಾ 50ರಷ್ಟು ಕುಸಿದಿದ್ದರೆ 'ಅಳಿವಿನಂಚಿನಲ್ಲಿರುವುದು', ಶೇಕಡಾ 80ರಷ್ಟು ಕುಸಿದಿದ್ದರೆ 'ತೀವ್ರವಾಗಿ ಅಳಿವಿನಂಚಿನಲ್ಲಿರುವುದು' ಎಂದು ಪರಿಗಣಿಸಲಾಗುತ್ತದೆ. ಇನ್ನೊಂದು ಮಾನದಂಡದಂತೆ, ಹೂ-ಕಾಯಿ ಬಿಡುವಷ್ಟು ಬೆಳೆದ ಮರಗಳು ಜಗತ್ತಿನಲ್ಲಿ 50ಕ್ಕಿಂತ ಕಡಿಮೆ ಉಳಿದಿದ್ದರೆ ಅದು ತೀವ್ರ ಅಪಾಯದ ವರ್ಗಕ್ಕೆ ಸೇರುತ್ತದೆ.

ಮರಗಳ ವಿಷಯದಲ್ಲಿ 'ಮೂರು ತಲೆಮಾರು' ಎಂಬುದು ನೂರಾರು ವರ್ಷಗಳಾಗಬಹುದು. ಆದ್ದರಿಂದ ಇಂದು ಕಣ್ಣೆದುರು ಸಾಕಷ್ಟು ಸಂಖ್ಯೆಯಲ್ಲಿ ಕಾಣುವ ಮರವೂ ಪಟ್ಟಿಯಲ್ಲಿರಲು ಸಾಧ್ಯ. ವ್ಯಾಪಾರದ ಲೆಕ್ಕದಲ್ಲಿ ಹೇಳುವುದಾದರೆ, ಕೈಯಲ್ಲಿರುವ ಇಂದಿನ ದಾಸ್ತಾನನ್ನು ಮಾತ್ರ ನೋಡದೆ, ಹೋಗುತ್ತಿರುವುದೆಷ್ಟು, ಬರುತ್ತಿರುವುದೆಷ್ಟು ಎಂಬುದನ್ನೂ ಇಲ್ಲಿ ನೋಡಲಾಗುತ್ತದೆ.

2024ರ ಅಕ್ಟೋಬರ್‌ನಲ್ಲಿ ಕೊಲಂಬಿಯಾ ದೇಶದ ಕಾಲಿ ನಗರದಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನದ ಸಂದರ್ಭದಲ್ಲಿ ಪ್ರಕಟವಾದ ಪಟ್ಟಿಯ ಪ್ರಕಾರ, ಮೌಲ್ಯಮಾಪನಗೊಂಡ 47,282 ವೃಕ್ಷ ಪ್ರಭೇದಗಳ ಪೈಕಿ ಕನಿಷ್ಠ 16,425 ಪ್ರಭೇದಗಳು ಅಪಾಯಕ್ಕೊಳಗಾಗಿವೆ. ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಅಪಾಯಕ್ಕೊಳಗಾದ ಪಕ್ಷಿ, ಸಸ್ತನಿ, ಸರೀಸೃಪ ಮತ್ತು ಉಭಯವಾಸಿಗಳೆಲ್ಲವನ್ನೂ ಕೂಡಿಸಿದರೂ ಈ ಸಂಖ್ಯೆ ಅದರ ಎರಡು ಪಟ್ಟಿಗಿಂತ ಅಧಿಕವಾಗಿದೆ.

3. ಪಟ್ಟಿ ಬೇರೆ, ಕಾನೂನು ಬೇರೆ

ಕೆಂಪು ಪಟ್ಟಿಯು ವೈಜ್ಞಾನಿಕ ದಾಖಲೆಯೇ ಹೊರತು ಕಾನೂನಲ್ಲ. ಒಂದು ಮರವು ಆ ಪಟ್ಟಿಯಲ್ಲಿದೆ ಎಂಬ ಕಾರಣ ಮಾತ್ರದಿಂದ ಅದರ ತೆರವು ಅಪರಾಧವಾಗುವುದಿಲ್ಲ. ಹಾಗೆಯೇ ಪಟ್ಟಿಯಲ್ಲಿ ಇಲ್ಲದ ಮಾತ್ರಕ್ಕೆ ಅನುಮತಿಯಿಲ್ಲದೆ ಕಡಿಯಲು ಯಾರಿಗೂ ಹಕ್ಕು ಬರುವುದಿಲ್ಲ. ಸಾರ್ವಜನಿಕರು ತಿಳಿದಿರಬೇಕಾದ ಮುಖ್ಯ ಕಾನೂನುಗಳು ಈ ಕೆಳಕಂಡಂತಿವೆ.

(1) ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976. ವೃಕ್ಷಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಮರ ಕಡಿಯುವುದನ್ನು ಈ ಅಧಿನಿಯಮವು ನಿರ್ಬಂಧಿಸುತ್ತದೆ. ಸ್ವಂತ ನಿವೇಶನದಲ್ಲಿರುವ ಮರಕ್ಕೂ ಇದು ಅನ್ವಯಿಸುತ್ತದೆ. 'ಕಡಿಯುವುದು' ಎಂಬ ಪದವು ಸುಡುವುದನ್ನೂ, ಯಾವುದೇ ರೀತಿಯಲ್ಲಿ ಮರಕ್ಕೆ ಹಾನಿ ಮಾಡುವುದನ್ನೂ ಒಳಗೊಂಡಿದೆ. ಆದುದರಿಂದ ಬುಡಕ್ಕೆ ಆಮ್ಲ ಸುರಿದು ಒಣಗಿಸುವುದು, ತೊಗಟೆ ಸುಲಿಯುವುದು ಸಹ ಉಲ್ಲಂಘನೆಯೇ ಆಗಿದೆ. ತೆಂಗು, ಗಾಳಿ ಮರ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವು ಪ್ರಭೇದಗಳಿಗೆ ಮಾತ್ರ ವಿನಾಯಿತಿ ಇದೆ.

(2) ಕರ್ನಾಟಕ ಅರಣ್ಯ ಅಧಿನಿಯಮ, 1963. ಶ್ರೀಗಂಧಕ್ಕೆ ಸಂಬಂಧಿಸಿದ ವಿಶೇಷ ಉಪಬಂಧಗಳು ಇದರಲ್ಲಿವೆ. ನಾಟಾ ಮತ್ತು ಇತರ ಅರಣ್ಯೋತ್ಪನ್ನಗಳ ಸಾಗಣೆಯನ್ನೂ ಇದೇ ಅಧಿನಿಯಮವು ನಿಯಂತ್ರಿಸುತ್ತದೆ.

(3) ಜೈವಿಕ ವೈವಿಧ್ಯ ಅಧಿನಿಯಮ, 2002. ಇದರ 38ನೇ ಪ್ರಕರಣದ ಅಡಿಯಲ್ಲಿ ಅಳಿವಿನಂಚಿನಲ್ಲಿರುವ ಪ್ರಭೇದಗಳನ್ನು ಅಧಿಸೂಚಿಸಿ, ಅವುಗಳ ಸಂಗ್ರಹಣೆಯನ್ನು ನಿಷೇಧಿಸಲು ಅಥವಾ ನಿಯಂತ್ರಿಸಲು ಅವಕಾಶವಿದೆ.

(4) ಅಪಾಯಕ್ಕೊಳಗಾದ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದ. 1973ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ ಈ ಒಪ್ಪಂದಕ್ಕೆ ಭಾರತವು 1976ರಲ್ಲಿ ಸೇರಿತು. ಇದು ದೇಶದ ಗಡಿ ದಾಟುವ ವ್ಯಾಪಾರಕ್ಕೆ ಮಾತ್ರ ಸಂಬಂಧಿಸಿದ್ದು, ಮನೆಯಂಗಳದ ಮರದ ತೆರವಿಗೆ ನೇರವಾಗಿ ಅನ್ವಯಿಸುವುದಿಲ್ಲ.

ಆಲ, ಅರಳಿ, ಬೇವು, ಹೊಂಗೆ ಮರಗಳು ಅಪಾಯಕ್ಕೊಳಗಾದ ವರ್ಗದಲ್ಲಿಲ್ಲ. ಆದರೂ ಇವೆಲ್ಲವೂ 1976ರ ಅಧಿನಿಯಮದ ರಕ್ಷಣೆಯಲ್ಲಿವೆ. ಅಪರೂಪವಲ್ಲದ ಮರಕ್ಕೆ ರಕ್ಷಣೆ ಏಕೆ ಎಂಬ ಪ್ರಶ್ನೆಗೆ ಪುಟ್ಟೇನಹಳ್ಳಿಯ ಪರಿಸರವೇ ಉತ್ತರ ನೀಡುತ್ತದೆ.

4. ಪುಟ್ಟೇನಹಳ್ಳಿ ಮತ್ತು ಸುತ್ತಮುತ್ತಲಿನ ಹಸಿರು ತಾಣಗಳು

ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಸಮೀಪದಲ್ಲಿಯೇ ಜಾರಕಬಂಡೆ ಕಾವಲ್ ಅರಣ್ಯವಿದೆ. ಅದೇ ಜಾರಕಬಂಡೆ ಕಾವಲ್ ಭಾಗದಲ್ಲಿ, 1993ರಲ್ಲಿ ಆರಂಭವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನವಿದ್ದು, ಔಷಧೀಯ ಸಸ್ಯಗಳ ಸಂರಕ್ಷಣಾ ಸ್ಥಿತಿಯ ಅಧ್ಯಯನ ಹಾಗೂ ಒಣಸಸ್ಯ ಸಂಗ್ರಹಾಲಯಕ್ಕೆ ಹೆಸರಾಗಿದೆ. ಯಲಹಂಕ–ಹೆಬ್ಬಾಳ ನಡುವಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವನ್ನು 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಗಿದೆ. ಇನ್ನೂ ಉತ್ತರಕ್ಕೆ, ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮನ್ನಣೆ ಪಡೆಯಿತು. ಹುಣಸೆ ಅಪರೂಪದ ಮರವಲ್ಲ. ಆದರೆ ಅಷ್ಟು ಹಳೆಯ ಮರಗಳ ತೋಪು ಅಪರೂಪ.

ಈ ತಾಣಗಳು ಒಂದಕ್ಕೊಂದು ದೂರವಾಗಿ ಕಂಡರೂ ಹಕ್ಕಿಗಳ ಪಾಲಿಗೆ ಹಾಗಲ್ಲ. ಕೋಗಿಲೆ, ಗುಟ್ಟುರ, ಮೈನಾ, ಪಿಕಳಾರ ಮೊದಲಾದ ಹಣ್ಣು ತಿನ್ನುವ ಹಕ್ಕಿಗಳು ಬಡಾವಣೆಯ ಮರಗಳನ್ನೇ ಮೆಟ್ಟಿಲಾಗಿ ಬಳಸಿಕೊಂಡು ಒಂದು ತಾಣದಿಂದ ಇನ್ನೊಂದಕ್ಕೆ ಬೀಜಗಳನ್ನು ಸಾಗಿಸುತ್ತವೆ. ರಸ್ತೆ ಬದಿಯ ಅತ್ತಿ, ಆಲದ ಮರಗಳು ಹೋದರೆ ಈ ಸಂಚಾರವೂ ಕಡಿಮೆಯಾಗುತ್ತದೆ. ಅಪರೂಪದ ಮರವೊಂದು ತಾನಾಗಿ ಹುಟ್ಟಲು ಸಾಮಾನ್ಯ ಮರಗಳ ನೆರವು ಬೇಕು ಎಂಬುದಕ್ಕೆ ಮುಂದೆ ವಿವರಿಸಿರುವ ಶ್ರೀಗಂಧವೇ ನಿದರ್ಶನ.

5. ಈ ಭಾಗದಲ್ಲಿ ಗಮನಿಸಬೇಕಾದ ಪ್ರಭೇದಗಳು

5.1 ಶ್ರೀಗಂಧ

ಕರ್ನಾಟಕದ ರಾಜ್ಯ ವೃಕ್ಷವಾದ ಶ್ರೀಗಂಧವು ಕೆಂಪು ಪಟ್ಟಿಯಲ್ಲಿ 'ಅಪಾಯಕ್ಕೆ ಈಡಾಗಬಲ್ಲದ್ದು' ಎಂಬ ವರ್ಗದಲ್ಲಿದೆ. ಇದು ಅರೆ ಪರಾವಲಂಬಿ ಮರ. ಎಲೆಗಳಿಂದ ಆಹಾರ ತಯಾರಿಸಿಕೊಂಡರೂ, ತನ್ನ ಬೇರುಗಳನ್ನು ನೆರೆಯ ಸಸ್ಯಗಳ ಬೇರುಗಳಿಗೆ ಅಂಟಿಸಿ ನೀರು ಮತ್ತು ಖನಿಜಾಂಶಗಳನ್ನು ಪಡೆಯುತ್ತದೆ. ಈ ಕಾರಣದಿಂದ ಸುತ್ತ ಬೇರೆ ಗಿಡವಿಲ್ಲದ ಸ್ಥಳದಲ್ಲಿ ಅದು ಸೊರಗುತ್ತದೆ. ನೇರಳೆಗಪ್ಪು ಬಣ್ಣದ ಅದರ ಸಣ್ಣ ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಎಲ್ಲೆಡೆ ಹರಡುವುದರಿಂದ, ಯಾರೂ ನೆಡದಿದ್ದರೂ ಬೇಲಿಯ ಮಗ್ಗುಲಲ್ಲಿ, ಕಾಂಪೌಂಡ್ ಗೋಡೆಯ ಬುಡದಲ್ಲಿ ಶ್ರೀಗಂಧದ ಸಸಿ ಕಾಣಿಸಿಕೊಳ್ಳುವುದುಂಟು.

ಇಷ್ಟು ಸುಲಭವಾಗಿ ಹುಟ್ಟುವ ಮರ ಅಪಾಯಕ್ಕೆ ಒಳಗಾದದ್ದು ಹೇಗೆ? ಕಾರಣಗಳು ಮೂರು. ಒಂದು, ಬೆಲೆಬಾಳುವ ತಿರುಳಿಗಾಗಿ ನಡೆದ ಕಳ್ಳಸಾಗಣೆ. ಎರಡು, 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ 'ಸ್ಪೈಕ್' ರೋಗ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗ ತಗುಲಿದ ಮರದ ಎಲೆಗಳು ಕಿರಿದಾಗುತ್ತಾ ಹೋಗಿ, ಕೊನೆಗೆ ಮರ ಸಾಯುತ್ತದೆ. ಮೂರನೆಯ ಕಾರಣ, ರಕ್ಷಣೆಗೆಂದೇ ಇದ್ದ ಕಾನೂನಿನ ಪರಿಣಾಮ. ಟಿಪ್ಪು ಸುಲ್ತಾನನ ಕಾಲದಿಂದ ಶ್ರೀಗಂಧವು ರಾಜವೃಕ್ಷವೆನಿಸಿ, ಖಾಸಗಿ ಜಮೀನಿನಲ್ಲಿ ಬೆಳೆದರೂ ಸರ್ಕಾರದ ಸ್ವತ್ತಾಗಿತ್ತು. ಮರ ತನ್ನದಲ್ಲ, ಆದರೆ ಅದು ಕಳುವಾದರೆ ವಿಚಾರಣೆ ಮಾತ್ರ ತನಗೆ ಎಂಬ ಭಯದಿಂದ ಅನೇಕ ಜಮೀನುದಾರರು ಸಸಿ ಕಂಡ ಕೂಡಲೇ ಕಿತ್ತು ಹಾಕುತ್ತಿದ್ದರು. ಕಾಡಿನ ಹೊರಗೆ ಶ್ರೀಗಂಧ ಬೆಳೆಯದಿರಲು ಇದೂ ದೊಡ್ಡ ಕಾರಣವಾಯಿತು.

ಈ ಸ್ಥಿತಿಯನ್ನು ಸರಿಪಡಿಸಲು 2001ರಲ್ಲಿ ಕರ್ನಾಟಕ ಅರಣ್ಯ ಅಧಿನಿಯಮಕ್ಕೆ ತಿದ್ದುಪಡಿ ತಂದು, ಜಮೀನಿನಲ್ಲಿರುವ ಶ್ರೀಗಂಧದ ಮರಗಳ ಹಕ್ಕನ್ನು ಭೂಮಾಲೀಕರಿಗೆ ನೀಡಲಾಯಿತು. ಮಾರಾಟವನ್ನು ಅರಣ್ಯ ಇಲಾಖೆ ಅಥವಾ ನಿರ್ದಿಷ್ಟಪಡಿಸಿದ ಸರ್ಕಾರಿ ಸಂಸ್ಥೆಗಳಿಗೆ ಸೀಮಿತಗೊಳಿಸಲಾಗಿತ್ತು. ಬೆಳೆಗಾರರಿಗೆ ಇನ್ನಷ್ಟು ಅನುಕೂಲ ಕಲ್ಪಿಸುವ ಶ್ರೀಗಂಧ ನೀತಿಗೆ 2022ರಲ್ಲಿ ರಾಜ್ಯ ಸಚಿವ ಸಂಪುಟವು ಅನುಮೋದನೆ ನೀಡಿತು. ಮಾರಾಟ ಮತ್ತು ಸಾಗಣೆಗೆ ಸಂಬಂಧಿಸಿದಂತೆ ಅರ್ಜಿ ಸಲ್ಲಿಸುವ ದಿನಾಂಕದಂದು ಜಾರಿಯಲ್ಲಿರುವ ನಿಯಮವನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಆದುದರಿಂದ ಸಾರ್ವಜನಿಕರು ಎರಡು ಸಂಗತಿಗಳನ್ನು ಗಮನದಲ್ಲಿಡುವುದು. ಮನೆಯಂಗಳದಲ್ಲಿ ಶ್ರೀಗಂಧ ಬೆಳೆಸುವುದು ಅಪರಾಧವಲ್ಲ, ಹುಟ್ಟಿದ ಸಸಿಯನ್ನು ಭಯದಿಂದ ಕೀಳಬೇಕಾಗಿಲ್ಲ. ಆದರೆ ಮರವು ನಿಮ್ಮದೇ ಆಗಿದ್ದರೂ ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ.

ಶ್ರೀಗಂಧದ ಸುವಾಸನೆ ಇರುವುದು ತಿರುಳಿನಲ್ಲಿ ಮಾತ್ರ. ಹೊರಗಿನ ಬಿಳಿ ಮರಕ್ಕೆ ವಾಸನೆಯಿಲ್ಲ. ಸಾಮಾನ್ಯವಾಗಿ ಹತ್ತು ವರ್ಷ ಕಳೆದ ನಂತರವೇ ತಿರುಳು ಕಟ್ಟಲು ಆರಂಭವಾಗುತ್ತದೆ. ಈ ತಿಳಿವಳಿಕೆ ಇಲ್ಲದೆ ಕಳ್ಳರು ಎಳೆಯ ಮರಗಳನ್ನೂ ಕಡಿಯುವುದು, ತಿರುಳು ಪರೀಕ್ಷಿಸಲು ಕಾಂಡಕ್ಕೆ ರಂಧ್ರ ಕೊರೆಯುವುದು ಕಂಡುಬರುತ್ತದೆ. ಕಾಂಡದಲ್ಲಿ ಹೊಸ ರಂಧ್ರ ಕಂಡುಬಂದರೆ ಅದನ್ನು ಕಳ್ಳತನದ ಮುನ್ಸೂಚನೆ ಎಂದು ಭಾವಿಸಿ ಕೂಡಲೇ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ ತಿಳಿಸುವುದು, ಅರಣ್ಯ ವಲಯ ಕಚೇರಿಗೂ ವರದಿ ಮಾಡುವುದು.

5.2 ಅಶೋಕ: ಹೆಸರಿನ ಗೊಂದಲ

ಮರ ತೆರವಿನ ಅರ್ಜಿಯಲ್ಲಿ "ಅಶೋಕ ಮರ – 1" ಎಂದಷ್ಟೇ ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ಬಡಾವಣೆಗಳಲ್ಲಿ ಗೋಡೆಯುದ್ದಕ್ಕೂ ಕಂಬದಂತೆ ನೇರವಾಗಿ ಬೆಳೆದು, ಅಂಚು ಅಲೆಅಲೆಯಾದ ಉದ್ದನೆಯ ಎಲೆಗಳನ್ನು ಜೋತುಬಿಟ್ಟಿರುವ ಮರಕ್ಕೂ ಅಶೋಕ ಎಂದೇ ಕರೆಯುತ್ತಾರೆ. ಇದು ಸೀತಾಫಲದ ಕುಟುಂಬಕ್ಕೆ ಸೇರಿದ, ಅಲಂಕಾರಕ್ಕಾಗಿ ನೆಡುವ ಮರ. ಹೂವು ಹಸಿರು ಮಿಶ್ರಿತ ಹಳದಿ ಬಣ್ಣದ್ದಾಗಿದ್ದು ಎದ್ದು ಕಾಣುವುದಿಲ್ಲ.

ನಿಜವಾದ ಅಶೋಕ, ಅಂದರೆ ಸೀತಾ ಅಶೋಕವು ಹುಣಸೆಯ ಕುಟುಂಬಕ್ಕೆ ಸೇರಿದೆ. ಹರಡಿದ ತಲೆ, ಜೋಡಿ ಜೋಡಿಯಾದ ಕಿರುಎಲೆಗಳು, ತಾಮ್ರವರ್ಣದ ಎಳೆಯ ಚಿಗುರು, ಕಿತ್ತಳೆಯಿಂದ ಕೆಂಪಿಗೆ ತಿರುಗುವ ಗೊಂಚಲು ಹೂವು ಇದರ ಗುರುತುಗಳು. ಇದು ಕೆಂಪು ಪಟ್ಟಿಯಲ್ಲಿ 'ಅಪಾಯಕ್ಕೆ ಈಡಾಗಬಲ್ಲದ್ದು' ಎಂದು ದಾಖಲಾಗಿದೆ. ಆಯುರ್ವೇದದ ಅಶೋಕಾರಿಷ್ಟಕ್ಕೆ ಬೇಕಾಗುವುದು ಇದರ ತೊಗಟೆ. ಬೇಡಿಕೆಯನ್ನು ಪೂರೈಸಲು ಕಾಡಿನ ಮರಗಳ ತೊಗಟೆ ಸುಲಿಯಲಾಯಿತು. ಅಸಲು ತೊಗಟೆ ಸಾಲದಾದಾಗ ಕಂಬದ ಅಶೋಕದ ತೊಗಟೆಯನ್ನು ಕಲಬೆರಕೆ ಮಾಡುವ ಪರಿಪಾಠವೂ ಬೆಳೆಯಿತು. ಹೀಗೆ ಒಂದು ಹೆಸರಿನ ಗೊಂದಲವು ಕಾಡಿನ ಮರಕ್ಕೂ, ಔಷಧಿ ಸೇವಿಸುವವರಿಗೂ ನಷ್ಟವನ್ನುಂಟುಮಾಡಿದೆ.

ಆದ್ದರಿಂದ ಅರ್ಜಿದಾರರು "ಸೀತಾ ಅಶೋಕ" ಅಥವಾ "ಕಂಬದ ಅಶೋಕ" ಎಂದು ಸ್ಪಷ್ಟವಾಗಿ ಬರೆಯುವುದು. ಗುರುತಿಸಲು ಸಾಧ್ಯವಾಗದಿದ್ದಲ್ಲಿ ಎಲೆ ಮತ್ತು ಹೂವಿನ ಛಾಯಾಚಿತ್ರವನ್ನು ಲಗತ್ತಿಸುವುದು.

5.3 ಬೀಟೆ, ತೇಗ ಮತ್ತು ರಕ್ತಚಂದನ

ಪೀಠೋಪಕರಣಕ್ಕೆ ಹೆಸರಾದ ಬೀಟೆ ಮರವು 'ಅಪಾಯಕ್ಕೆ ಈಡಾಗಬಲ್ಲದ್ದು' ಎಂಬ ವರ್ಗದಲ್ಲಿದ್ದು, 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೇ ಅನುಬಂಧದಲ್ಲಿ ಸೇರಿದೆ. ರಕ್ತಚಂದನವು ಮುಖ್ಯವಾಗಿ ಆಂಧ್ರಪ್ರದೇಶದ ದಕ್ಷಿಣ ಭಾಗದ ಬೆಟ್ಟಗಳ ಮರ. ಅದು 'ಅಳಿವಿನಂಚಿನಲ್ಲಿರುವುದು' ಎಂದು ದಾಖಲಾಗಿದ್ದು, ಅದೇ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಹೂಡಿಕೆಯ ದೃಷ್ಟಿಯಿಂದ ಇದನ್ನು ಜಮೀನಿನಲ್ಲಿ ನೆಟ್ಟಿರುವವರು ನೆಟ್ಟ ವರ್ಷ, ಸಂಖ್ಯೆ ಮತ್ತು ಸಸಿ ಖರೀದಿಯ ರಸೀದಿಯನ್ನು ಜೋಪಾನವಾಗಿಡುವುದು ಅವಶ್ಯ. ಮರ ಕಾಡಿನದಲ್ಲ, ಬೆಳೆಸಿದ್ದು ಎಂದು ಮುಂದೆ ರುಜುವಾತುಪಡಿಸಬೇಕಾದಾಗ ಈ ದಾಖಲೆಗಳೇ ಆಧಾರ.

ತೇಗವು ಇತ್ತೀಚಿನ ಮೌಲ್ಯಮಾಪನದಲ್ಲಿ 'ಅಳಿವಿನಂಚಿನಲ್ಲಿರುವುದು' ಎಂದು ದಾಖಲಾಗಿರುವುದು ಅನೇಕರಿಗೆ ಆಶ್ಚರ್ಯ ತರಬಹುದು. ತೋಟಗಳಲ್ಲಿ, ನೆಡುತೋಪುಗಳಲ್ಲಿ ತೇಗ ಹೇರಳವಾಗಿದೆ. ಆದರೆ ಕೆಂಪು ಪಟ್ಟಿಯು ನೆಟ್ಟ ಮರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂಲ ನೆಲೆಯ ಕಾಡಿನಲ್ಲಿ ತಾನಾಗಿ ಬೆಳೆಯುವ ಮರಗಳ ಸ್ಥಿತಿಯನ್ನು ಮಾತ್ರ ಅದು ಅಳೆಯುತ್ತದೆ.

5.4 ಹೊರದೇಶದ ಮರಗಳು

ಇದೇ ತತ್ವ ಬೆಂಗಳೂರಿನ ರಸ್ತೆಗಳ ಹಲವು ಮರಗಳಿಗೂ ಅನ್ವಯಿಸುತ್ತದೆ. ಬೇಸಿಗೆಯ ಆರಂಭದಲ್ಲಿ ನೀಲಿ-ನೇರಳೆ ಹೂ ಬಿಡುವ ಜಕರಂದಾ ದಕ್ಷಿಣ ಅಮೆರಿಕದ ಅರ್ಜೆಂಟೀನಾ–ಬೊಲಿವಿಯಾ ಭಾಗದ ಮರ. ಜಗತ್ತಿನ ನೂರಾರು ನಗರಗಳಲ್ಲಿ ಅದು ಬೆಳೆಯುತ್ತಿದ್ದರೂ ತನ್ನ ತವರಿನಲ್ಲಿ 'ಅಪಾಯಕ್ಕೆ ಈಡಾಗಬಲ್ಲದ್ದು' ಎಂದು ದಾಖಲಾಗಿದೆ. ಮಡಗಾಸ್ಕರ್ ದ್ವೀಪದ ಗುಲ್‌ಮೊಹರ್ ಹಿಂದೆ ಇದೇ ವರ್ಗದಲ್ಲಿತ್ತು. ಮರುಮೌಲ್ಯಮಾಪನದ ನಂತರ ಅದನ್ನು 'ಸದ್ಯಕ್ಕೆ ಕಳವಳವಿಲ್ಲದ್ದು' ಎಂಬ ವರ್ಗಕ್ಕೆ ವರ್ಗಾಯಿಸಲಾಗಿದೆ. ಅಮೆರಿಕ ಖಂಡದ ಉಷ್ಣವಲಯದ ದೊಡ್ಡ ಎಲೆಯ ಮಹಾಗನಿಯು ತನ್ನ ಮೂಲ ನೆಲೆಯಲ್ಲಿ ಅತಿಯಾದ ಕಡಿತಕ್ಕೆ ಒಳಗಾಗಿ, 2003ರಿಂದ ವ್ಯಾಪಾರ ಒಪ್ಪಂದದ ನಿಯಂತ್ರಣದಲ್ಲಿದೆ. ಇಲ್ಲಿ ನೆಟ್ಟಿರುವ ಮಹಾಗನಿಗೆ ಆ ನಿಯಂತ್ರಣ ಅನ್ವಯಿಸುವುದಿಲ್ಲ.

ಆದರೆ ಈ ಮೂರೂ ಮರಗಳನ್ನು ನಗರದಲ್ಲಿ ಕಡಿಯಲು 1976ರ ಅಧಿನಿಯಮದಂತೆ ಅನುಮತಿ ಬೇಕೇ ಬೇಕು. ಹೊರದೇಶದ ಮರ ಎಂಬುದು ವಿನಾಯಿತಿಗೆ ಕಾರಣವಾಗುವುದಿಲ್ಲ.

6. ನಗರದಲ್ಲಿ ನೆಟ್ಟ ಸಸಿಯು ಕಾಡಿನ ಮರಕ್ಕೆ ಬದಲಿಯಾಗುವುದೇ?

ಒಂದು ಮರ ಕಡಿದರೆ ಪರ್ಯಾಯವಾಗಿ ಸಸಿ ನೆಡಬೇಕೆಂಬ ಷರತ್ತನ್ನು ಅನುಮತಿಯೊಂದಿಗೆ ವಿಧಿಸಲಾಗುತ್ತದೆ. ನೆರಳು, ತಂಪು, ಹಕ್ಕಿಗಳ ಆಸರೆ ಇವುಗಳನ್ನು ಕಾಲಕ್ರಮದಲ್ಲಿ ಹೊಸ ಸಸಿಗಳು ತುಂಬಿಕೊಡಬಲ್ಲವು. ಆದರೆ ಕೆಲವು ಪ್ರಭೇದಗಳ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಉದಾಹರಣೆಗಳಿವೆ.

ಉತ್ತರ ಕನ್ನಡ ಜಿಲ್ಲೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಕಾಡು ಜಾಯಿಕಾಯಿ ಮರಗಳ ಜೌಗು ಪ್ರದೇಶಗಳಿವೆ. ಅಲ್ಲಿ ಪತ್ತೆಯಾದ ಗೇರು ಕುಟುಂಬದ ಮರವೊಂದನ್ನು 2000ದಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಆ ಊರಿನ ಹೆಸರನ್ನೇ ಅದಕ್ಕೆ ಇಡಲಾಯಿತು. ಈ ಮರದಲ್ಲಿ ಗಂಡು ಮತ್ತು ಹೆಣ್ಣು ಬೇರೆ ಬೇರೆ. ಇರುವುದೇ ಬೆರಳೆಣಿಕೆಯ ಸ್ಥಳಗಳಲ್ಲಿ ಕೆಲವೇ ಮರಗಳಾಗಿರುವಾಗ, ಸಮೀಪದ ಒಂದು ಗಂಡು ಮರ ಹೋದರೂ ಹೆಣ್ಣು ಮರ ಕಾಯಿ ಕಟ್ಟದೆ ಉಳಿಯಬಹುದು. ವರ್ಷವಿಡೀ ನೀರು ನಿಲ್ಲುವ ಆ ಜೌಗಿನ ಹೊರಗೆ, ಬೇರೆಡೆ ಸಸಿ ನೆಟ್ಟು ಆ ಕಾಡನ್ನು ಮರುಸೃಷ್ಟಿಸಲಾಗುವುದಿಲ್ಲ.

ಹೊಳೆ ಇಪ್ಪೆ ಎಂಬ ಮರದ ಕಥೆ ಇದಕ್ಕಿಂತ ಭಿನ್ನ. ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ 'ನಿರ್ನಾಮಗೊಂಡಿರುವುದು' ಎಂದು ದಾಖಲಾಗಿದ್ದ ಈ ಮರವು, ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯದ ಕರಾವಳಿ ಭಾಗದ ಹೊಳೆಯ ದಡದಲ್ಲಿ ಮತ್ತೆ ಪತ್ತೆಯಾಯಿತು. ಈಗ ಅದು 'ತೀವ್ರವಾಗಿ ಅಳಿವಿನಂಚಿನಲ್ಲಿರುವುದು' ಎಂಬ ವರ್ಗದಲ್ಲಿದೆ. ಗುರುತು ಸಿಗದೆ ಉಳಿದಿದ್ದ ಆ ಕೆಲವು ಮರಗಳನ್ನು ಯಾರಾದರೂ "ಕಾಡು ಮರ" ಎಂದು ಬರೆದು ಕಡಿದಿದ್ದರೆ, ಮೊದಲಿನ ದಾಖಲೆಯೇ ನಿಜವಾಗುತ್ತಿತ್ತು. ಅರ್ಜಿಯಲ್ಲಿ "ಕಾಡು ಮರ", "ಜಾತಿ ಗೊತ್ತಿಲ್ಲ" ಎಂದು ನಮೂದಿಸುವ ಮುನ್ನ ಈ ಸಂಗತಿಯನ್ನು ನೆನಪಿಡಬೇಕಾಗಿ ಕೋರಲಾಗಿದೆ.

7. ಅರ್ಜಿ ಸಲ್ಲಿಸುವ ಕ್ರಮ

(1) ಯಾರಿಗೆ: ನಗರ ಪಾಲಿಕೆ ವ್ಯಾಪ್ತಿಯ ನಿವೇಶನ ಮತ್ತು ರಸ್ತೆ ಬದಿಯ ಮರಗಳಿಗೆ ಪಾಲಿಕೆಯ ಅರಣ್ಯ ವಿಭಾಗದ ವೃಕ್ಷಾಧಿಕಾರಿಗಳಿಗೆ ಅರ್ಜಿ ಸಲ್ಲಿಸತಕ್ಕದ್ದು. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಹಳೆಯ ವಿಳಾಸಕ್ಕೆ ಅರ್ಜಿ ಕಳುಹಿಸದೆ, ತಮ್ಮ ಆಸ್ತಿ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು. ಶ್ರೀಗಂಧದ ವಿಷಯವಾಗಿ ಅರಣ್ಯ ಇಲಾಖೆಯ ವಲಯ ಕಚೇರಿಯನ್ನು ಸಂಪರ್ಕಿಸುವುದು.

(2) ಅರ್ಜಿಯಲ್ಲಿ ಇರಬೇಕಾದ ವಿವರಗಳು: ಅರ್ಜಿದಾರರ ಹೆಸರು ಮತ್ತು ವಿಳಾಸ, ನಿವೇಶನದ ಅಥವಾ ಸರ್ವೆ ಸಂಖ್ಯೆ, ಮರಗಳ ಸಂಖ್ಯೆ, ಪ್ರತಿ ಮರದ ಜಾತಿ, ಎದೆಮಟ್ಟದ ಸುತ್ತಳತೆ, ಮರವಿರುವ ಸ್ಥಳದ ಕೈನಕ್ಷೆ, ತೆರವಿಗೆ ನಿರ್ದಿಷ್ಟ ಕಾರಣ.

(3) ಸುತ್ತಳತೆ ಅಳೆಯುವ ವಿಧಾನ: ನೆಲದಿಂದ ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತ ಟೇಪು ಹಿಡಿದು ಅಳೆಯುವುದು. ಬುಡದ ಸುತ್ತಳತೆಯನ್ನು ಬರೆದರೆ ಲೆಕ್ಕ ತಪ್ಪಾಗುತ್ತದೆ.

(4) ಲಗತ್ತುಗಳು: ಖಾತಾ ಅಥವಾ ಮಾಲೀಕತ್ವದ ದಾಖಲೆಯ ಪ್ರತಿ, ಪೂರ್ಣ ಮರ ಹಾಗೂ ಎಲೆ, ಹೂ, ಕಾಯಿಗಳ ಛಾಯಾಚಿತ್ರ.

(5) ಪರಿಗಣಿಸಲಾಗುವ ಕಾರಣಗಳು: ಮರ ಒಣಗಿರುವುದು, ರೋಗಪೀಡಿತವಾಗಿರುವುದು ಅಥವಾ ಗಾಳಿಗೆ ಬಿದ್ದಿರುವುದು, ಜೀವ ಅಥವಾ ಆಸ್ತಿಗೆ ಅಪಾಯವಿರುವುದು, ಸಂಚಾರಕ್ಕೆ ಅಡ್ಡಿಯಾಗಿರುವುದು, ಬೆಂಕಿ, ಸಿಡಿಲು, ಮಳೆಯಿಂದ ತೀವ್ರ ಹಾನಿಗೊಳಗಾಗಿರುವುದು ಇತ್ಯಾದಿ. ಎಲೆ ಉದುರಿ ಅಂಗಳ ಕೊಳೆಯಾಗುತ್ತದೆ, ಅಂಗಡಿಯ ನಾಮಫಲಕ ಕಾಣುವುದಿಲ್ಲ ಎಂಬಂತಹ ಕಾರಣಗಳು ಇವುಗಳಲ್ಲಿ ಸೇರುವುದಿಲ್ಲ.

(6) ಸ್ಥಳ ಪರಿಶೀಲನೆ: ವೃಕ್ಷಾಧಿಕಾರಿಗಳು ಸ್ಥಳ ಪರಿಶೀಲನೆ ನಡೆಸಿ, ಅನುಮತಿ ನೀಡಬಹುದು, ನಿರಾಕರಿಸಬಹುದು ಅಥವಾ ಕೊಂಬೆ ಕತ್ತರಿಸಲು ಮಾತ್ರ ಅವಕಾಶ ನೀಡಬಹುದು. ಲಿಖಿತ ಆದೇಶ ಕೈಸೇರುವ ಮುನ್ನ ಕೊಡಲಿ ಹಾಕುವಂತಿಲ್ಲ. ಮೌಖಿಕ ಒಪ್ಪಿಗೆಗೆ ಮಾನ್ಯತೆ ಇರುವುದಿಲ್ಲ.

(7) ಮೇಲ್ಮನವಿ: ಆದೇಶದಿಂದ ಬಾಧಿತರಾದವರು ಅಧಿನಿಯಮದಲ್ಲಿ ನಿಗದಿಪಡಿಸಿದ ಅವಧಿಯೊಳಗೆ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

8. ಸಸಿ ನೆಡಲು ಬಯಸುವವರಿಗೆ

ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ರಿಯಾಯಿತಿ ದರದಲ್ಲಿ ಸಸಿಗಳು ದೊರೆಯುತ್ತವೆ. ಕೃಷಿ ಜಮೀನು ಹೊಂದಿರುವವರು 2011–12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ, ಬದುಕುಳಿದ ಸಸಿಗಳ ಆಧಾರದ ಮೇಲೆ ಮೂರು ವರ್ಷಗಳವರೆಗೆ ಪ್ರೋತ್ಸಾಹಧನ ಪಡೆಯಲು ಅವಕಾಶವಿದೆ. ನೆಟ್ಟ ಸಸಿಗಳ ಸಂಖ್ಯೆಗೆ ಹಣ ನೀಡದೆ ಉಳಿದ ಸಸಿಗಳ ಸಂಖ್ಯೆಗೆ ನೀಡುವುದು ಈ ಯೋಜನೆಯ ವೈಶಿಷ್ಟ್ಯ.

ಶ್ರೀಗಂಧ ನೆಡುವವರು ಜೊತೆಯಲ್ಲಿ ಆಸರೆ ಗಿಡವನ್ನೂ ನೆಡಬೇಕು. ಆರಂಭದ ದಿನಗಳಿಗೆ ತೊಗರಿ, ನಂತರದ ದೀರ್ಘಾವಧಿಗೆ ಹೊಂಗೆ ಅಥವಾ ಬೇವು ಸೂಕ್ತ. ಶ್ರೀಗಂಧದ ಬೇಸಾಯದ ಬಗ್ಗೆ ಮಲ್ಲೇಶ್ವರಂ 18ನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಸಂಶೋಧನೆ ನಡೆಸುತ್ತಿದೆ. ಸೀತಾ ಅಶೋಕಕ್ಕೆ ಅರೆನೆರಳು ಮತ್ತು ತೇವಾಂಶ ಬೇಕಿದ್ದು, ಮನೆಯ ಪೂರ್ವ ಅಥವಾ ಉತ್ತರ ಭಾಗದಲ್ಲಿ ನೆಡಲು ಯೋಗ್ಯ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮರ ಕೆಂಪು ಪಟ್ಟಿಯಲ್ಲಿದೆ. ಪಕ್ಕದ ಮನೆಯವರ ತೆರವಿನ ಅರ್ಜಿ ತಾನಾಗಿಯೇ ತಿರಸ್ಕೃತವಾಗುವುದೇ?
ಉತ್ತರ: ಇಲ್ಲ. ಆದರೆ ಪ್ರಭೇದದ ಸ್ಥಿತಿಯನ್ನು ಲಿಖಿತವಾಗಿ ವೃಕ್ಷಾಧಿಕಾರಿಗಳ ಗಮನಕ್ಕೆ ತರಬಹುದು. ಪರಿಶೀಲನೆಯ ವೇಳೆ ಅದು ಉಪಯುಕ್ತ ಮಾಹಿತಿಯಾಗುತ್ತದೆ.

ಪ್ರಶ್ನೆ: ಕಾಂಪೌಂಡಿನಲ್ಲಿ ತಾನಾಗಿ ಹುಟ್ಟಿದ ಶ್ರೀಗಂಧದ ಮರ ಗೋಡೆಯನ್ನು ತಳ್ಳುತ್ತಿದೆ. ಏನು ಮಾಡಬೇಕು?
ಉತ್ತರ: ಸ್ವತಃ ಕಡಿಯಬಾರದು. ಛಾಯಾಚಿತ್ರದೊಂದಿಗೆ ಅರಣ್ಯ ವಲಯ ಕಚೇರಿಗೆ ಅರ್ಜಿ ಸಲ್ಲಿಸುವುದು. ಕೆಲವೊಮ್ಮೆ ಗೋಡೆಯ ಆ ಭಾಗದಲ್ಲಿ ಜಾಲರಿ ಅಳವಡಿಸಿ ಮರವನ್ನು ಉಳಿಸಿಕೊಳ್ಳುವುದು ಕಡಿಮೆ ಖರ್ಚಿನ ಪರಿಹಾರವಾಗುತ್ತದೆ.

ಪ್ರಶ್ನೆ: ಬಿರುಗಾಳಿಗೆ ಬಿದ್ದ ಮರವನ್ನು ಮನೆಯ ಬಳಕೆಗೆ ತೆಗೆದುಕೊಳ್ಳಬಹುದೇ?
ಉತ್ತರ: ಮೊದಲು ಪಾಲಿಕೆಗೆ ಮಾಹಿತಿ ನೀಡುವುದು. ಸಾರ್ವಜನಿಕ ಸ್ಥಳದ ಮರವು ಖಾಸಗಿ ಸ್ವತ್ತಲ್ಲ. ಸ್ವಂತ ಜಾಗದ ಮರದ ನಾಟಾವನ್ನು ಸಾಗಿಸಲು ಅನುಮತಿ ಬೇಕಾಗುವುದೇ ಎಂಬುದನ್ನು ಅರಣ್ಯ ವಲಯ ಕಚೇರಿಯಲ್ಲಿ ವಿಚಾರಿಸುವುದು.

ಪ್ರಶ್ನೆ: ಮರದ ಜಾತಿ ಗುರುತಿಸಲು ಯಾರ ನೆರವು ಪಡೆಯಬಹುದು?
ಉತ್ತರ: ಸ್ಥಳ ಪರಿಶೀಲನೆಗೆ ಬರುವ ಸಿಬ್ಬಂದಿಯನ್ನು ಕೇಳಬಹುದು. ಊರಿನ ಹಿರಿಯರು ಹೇಳುವ ಸ್ಥಳೀಯ ಹೆಸರನ್ನೂ ಅರ್ಜಿಯಲ್ಲಿ ಬರೆಯುವುದು. ಪುಸ್ತಕದಲ್ಲಿ ಸಿಗದ ಗುರುತು ಎಷ್ಟೋ ಬಾರಿ ಆ ಹೆಸರಿನಲ್ಲಿ ಸಿಗುತ್ತದೆ.

10. ಸೂಚನೆ

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ, ನಿಯಮ ಹಾಗೂ ಅಧಿಸೂಚನೆಗಳ ಮೂಲ ಪಠ್ಯವೇ ಅಂತಿಮವಾಗಿರುತ್ತದೆ. ಸಂರಕ್ಷಣಾ ಸ್ಥಿತಿಯ ವರ್ಗಗಳು ಮರುಮೌಲ್ಯಮಾಪನದಂತೆ ಬದಲಾಗುವುದರಿಂದ, ಅರ್ಜಿ ಅಥವಾ ಆಕ್ಷೇಪಣೆಯಲ್ಲಿ ವರ್ಗವನ್ನು ಉಲ್ಲೇಖಿಸುವಾಗ ಮೌಲ್ಯಮಾಪನದ ವರ್ಷವನ್ನೂ ನಮೂದಿಸುವುದು.

ಮರದ ಸರಿಯಾದ ಹೆಸರು, ಸರಿಯಾದ ಅಳತೆ, ನಿಜವಾದ ಕಾರಣ ಈ ಮೂರೂ ಇರುವ ಅರ್ಜಿ ಬೇಗ ವಿಲೇವಾರಿಯಾಗುತ್ತದೆ. ಒಮ್ಮೆ ಕಡಿದ ಮರದ ವಿಷಯದಲ್ಲಿ ಯಾವ ಮೇಲ್ಮನವಿಯೂ ಪ್ರಯೋಜನಕ್ಕೆ ಬಾರದು ಎಂಬುದನ್ನು ಅರ್ಜಿದಾರರೂ ಆಕ್ಷೇಪಣೆದಾರರೂ ಗಮನದಲ್ಲಿಟ್ಟು, ಆದೇಶ ಹೊರಬೀಳುವ ಮುನ್ನವೇ ತಮ್ಮ ಹೇಳಿಕೆಗಳನ್ನು ಲಿಖಿತವಾಗಿ ಸಲ್ಲಿಸಬೇಕೆಂದು ಕೋರಲಾಗಿದೆ.